ಕೊರಳಿಗೆ ಬಿದ್ದ ಹೆಡ್‌ಫೋನ್

ಗುಂಪು ಕಟ್ಟಿಕೊಂಡು ಕಿರುಚಿತ್ರ ಮಾಡಲು ಹೊರಟ ಕಾಲೇಜು ಹುಡುಗರಲ್ಲಿ "ಸೌಂಡ್ ನಾನು ನೋಡ್ಕೊಳ್ತೇನೆ" ಅಂತ ತಾನಾಗಿ ಕೈ ಎತ್ತಿದವರನ್ನು ನಾನಿನ್ನೂ ನೋಡಿಲ್ಲ. ನಿರ್ದೇಶನಕ್ಕೆ ನಾಲ್ಕು ಜನ ತಯಾರಿರುತ್ತಾರೆ. ಕ್ಯಾಮೆರಾಕ್ಕೆ ಅದಕ್ಕಿಂತ ಜಾಸ್ತಿ. ಕೊನೆಗೆ ಯಾವ ಕೆಲಸವೂ ಸಿಗದೆ ಉಳಿದವರ ಕೊರಳಿಗೆ ಹೆಡ್‌ಫೋನ್ ಬೀಳುತ್ತದೆ. ಕಾರವಾರದಲ್ಲಿ ಡಿಗ್ರಿ ಓದುವಾಗ ನಾವು ಮಾಡಿದ ಸಿನಿಮಾದಲ್ಲಿ ಅದು ನನ್ನ ಕೊರಳಿಗೆ ಬಿತ್ತು.

ಆಗ ಬೇಜಾರಾಗಿತ್ತು. ಈಗ ಯೋಚಿಸಿದರೆ ಇಡೀ ಸೆಟ್ಟಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ ಅನಿಸುತ್ತದೆ. "ಕಟ್" ಅಂದ ಮೇಲೆ ನಟರು ಅಂಗಿಯೊಳಗಿನ ಮೈಕ್ ಆಫ್ ಮಾಡುವುದಿಲ್ಲ. ಅದು ಅಲ್ಲಿದೆ ಅನ್ನುವುದೇ ಮರೆತುಹೋಗಿರುತ್ತದೆ. ಅವರ ಪಕ್ಕ ಬಂದು ನಿಂತವರಿಗಂತೂ ಗೊತ್ತೇ ಇರುವುದಿಲ್ಲ. ದೂರದಲ್ಲಿ ಗಾಳಿಮರದ ಕೆಳಗೆ ಕ್ಯಾಮೆರಾದ ಹುಡುಗ ನಿರ್ದೇಶಕನ ಬಗ್ಗೆ ನಮ್ಮ ನಾಯಕನಟನ ಹತ್ತಿರ, "ಇವನಿಗೆ ಏನು ಬೇಕು ಅಂತ ಇವನಿಗೇ ಗೊತ್ತಿಲ್ಲ" ಅಂತ ಹೇಳಿದ್ದು ನನಗೆ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳಿತ್ತು. ಸ್ವಲ್ಪ ಹೊತ್ತಿಗೆ ನಿರ್ದೇಶಕ ಅದೇ ಮೈಕಿನ ಹತ್ತಿರ ಬಂದು, "ಅವನು ಫೋಟೋ ತೆಗೀತಿದಾನೆ, ಸಿನಿಮಾ ಅಲ್ಲ" ಅಂದ. ಇಬ್ಬರೂ ಊಟಕ್ಕೆ ಪಕ್ಕಪಕ್ಕ ಕೂತು ನಗುತ್ತಾ ಮಾತಾಡಿದರು.

ಒಂದು ತಂಡದ ಬಗ್ಗೆ ನಾನು ಕಲಿತಿದ್ದೆಲ್ಲ ಹೆಚ್ಚುಕಮ್ಮಿ ಆ ಹೆಡ್‌ಫೋನ್ ಮೂಲಕವೇ. ಮೀಟಿಂಗ್‌ನಲ್ಲಿ ಎಲ್ಲರೂ "ಹೌದು ಹೌದು, ಮಸ್ತ್ ಐಡಿಯಾ" ಅನ್ನುತ್ತಾರೆ. ನಿಜವಾದ ಮಾತು ಗಾಳಿಮರದ ಕೆಳಗೆ ನಡೆಯುತ್ತದೆ.

ನಮ್ಮ ತಂಡ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಕಾರವಾರದವರು ಕೆಲವರು, ಅಂಕೋಲೆಯ ಒಬ್ಬಳು, ಸಿರ್ಸಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಇಬ್ಬರು. ಕಥೆ ಬರೆದವನು ಸಿರ್ಸಿಯವನು. ಅಡಿಕೆ ತೋಟದ ಮಧ್ಯೆ ಬೆಳೆದ ಹುಡುಗ, ಕಡಲು ಕಂಡರೆ ಹುಚ್ಚು. ಠಾಗೋರ್ ಬೀಚಿನ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದ. 1880ರ ದಶಕದಲ್ಲಿ ರವೀಂದ್ರನಾಥ ಠಾಗೋರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ದಾಗ ಒಂದು ನಾಟಕ ಬರೆದಿದ್ದರು ಅನ್ನುವುದು ಈ ಊರಿನಲ್ಲಿ ಬರೆಯಲು ಕೂತ ಎಲ್ಲರಿಗೂ ಗೊತ್ತು. ಅದರಿಂದ ಯಾರಿಗೂ ಅಂಥ ಲಾಭ ಆದದ್ದು ನಾನು ಕಂಡಿಲ್ಲ.

ಕಥೆ ಸರಳ. ಅಜ್ಜ ದಡದಿಂದ ಯೇಂಡಿ ಬಲೆ ಎಳೆಯುವವನು. ಮೊಮ್ಮಗ ಬೈತಖೋಲ ಬಂದರಿನಿಂದ ಪರ್ಸೀನ್ ಅನ್ನುವ ಯಾಂತ್ರಿಕ ಬೋಟಿಗೆ ಹೋಗುವವನು. ಜೂನ್ ತಿಂಗಳಲ್ಲಿ ಬೋಟು ನಿಲ್ಲುತ್ತದೆ, ಮೊಮ್ಮಗ ಮನೆಗೆ ಬರುತ್ತಾನೆ, ಬೇರೆ ಕೆಲಸವಿಲ್ಲದೆ ಅಜ್ಜನ ಜೊತೆ ಬಲೆ ಎಳೆಯಲು ನಿಲ್ಲುತ್ತಾನೆ. ಅಷ್ಟೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇದೆ. ಇವನು ಅದನ್ನು ಓದಿಕೊಂಡು ಚೆನ್ನಾಗಿಯೇ ಕಥೆ ಹೆಣೆದಿದ್ದ.

ಎಲ್ಲರೂ ಓದಿ ಹೊಗಳಿದೆವು. ಅಂಕೋಲೆಯವಳು ಮಾತ್ರ, "ಶೂಟಿಂಗ್ ಯಾವಾಗ?" ಅಂತ ಕೇಳಿದಳು. ಜನವರಿಯಲ್ಲಿ, ಪರೀಕ್ಷೆಗೆ ಮುಂಚೆ. "ಹಾಗಾದ್ರೆ ಜೂನ್ ಎಲ್ಲಿಂದ ತರ್ತೀರಿ?"

ಅವಳ ಮನೆಯವರು ಮೀನಿನ ವ್ಯಾಪಾರದವರು. ಜನವರಿಯ ಕಡಲು ನೀಲಿ, ತಣ್ಣಗೆ ಮಲಗಿರುತ್ತದೆ. ಜೂನಿನ ಕಡಲು ಕೆಂಪು ಮಣ್ಣಿನ ನೀರು, ಮನೆಯೊಳಗೆ ಕೂತರೂ ಅದರ ಸದ್ದು ಬಿಡುವುದಿಲ್ಲ. ಆಕಾಶ ಬೇರೆ, ಮರಳಿನ ಬಣ್ಣ ಬೇರೆ, ದಡದ ಆಕಾರವೇ ಬೇರೆ. ಅದೂ ಅಲ್ಲದೆ ಜನವರಿಯಲ್ಲಿ ಯಾವ ಕೋನದಲ್ಲಿ ಕ್ಯಾಮೆರಾ ಇಟ್ಟರೂ ಹಿಂದೆ ಎಲ್ಲೋ ಒಂದು ಟ್ರಾಲರ್ ಹೋಗುತ್ತಿರುತ್ತದೆ. ನಿಷೇಧದ ಕಥೆ ಹೇಳುತ್ತಿರುವಾಗ ಹಿಂದೆ ಟ್ರಾಲರ್! ಬೆಂಗಳೂರಿನವರಿಗೆ ಗೊತ್ತಾಗಲ್ಲ ಅಂತ ಒಬ್ಬ ಅಂದ. "ಬೆಂಗಳೂರಿನವರಿಗೆ ಮಾಡ್ತಿದ್ದೀವಾ?" ಅಂತ ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಕೊನೆಗೆ ಮೊಮ್ಮಗನ ಬೋಟಿನ ಎಂಜಿನ್ ಕೆಟ್ಟು ರಿಪೇರಿಗೆ ನಿಂತಿದೆ ಅಂತ ಬದಲಾಯಿಸಿದೆವು. ನಿಷೇಧ ಹೋಯಿತು, ಕಥೆ ಉಳಿಯಿತು. ನನ್ನ ಪ್ರಕಾರ ಮೊದಲಿಗಿಂತ ಚೆನ್ನಾಗೇ ಆಯಿತು. ಎಂಜಿನ್ ಯಾವತ್ತು ಸರಿಯಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಹುಡುಗ ಯಾವತ್ತು ಬೇಕಾದರೂ ಎದ್ದು ಹೋಗಬಹುದು. ಆದರೆ ಈ ಬದಲಾವಣೆಗೆ ಬರೆದವನು ತುಂಬ ದಿನ ಮುನಿಸಿಕೊಂಡಿದ್ದ. ತನ್ನ ಕಥೆಯನ್ನು ಗುಂಪು ಕಿತ್ತುಕೊಂಡಿತು ಅಂತ ಅವನ ದೂರು. ಅದರಲ್ಲೂ ಸತ್ಯ ಇಲ್ಲದಿಲ್ಲ.

ಶುರುವಿನಲ್ಲಿ ನಮ್ಮದು ದೊಡ್ಡ ಪ್ರಜಾಪ್ರಭುತ್ವ. ಪ್ರತಿ ಶಾಟಿಗೂ ಚರ್ಚೆ. ಕ್ಯಾಮೆರಾ ಕೆಳಗಿಡಬೇಕೋ ಮೇಲಿಡಬೇಕೋ ಅಂತ ಕೈ ಎತ್ತಿಸಿ ಎಣಿಸಿದ್ದೂ ಉಂಟು. ಎಲ್ಲರಿಗೂ ಮಾತಾಡಲು ಅವಕಾಶ ಕೊಟ್ಟರೆ ಎಲ್ಲರೂ ಖುಷಿಯಾಗಿರುತ್ತಾರೆ ಅಂತ ನಮ್ಮ ಲೆಕ್ಕ. ಆದದ್ದೇ ಬೇರೆ. ಬಹುಮತದಿಂದ ಆರಿಸಿದ ಶಾಟ್ ಯಾರದ್ದೂ ಅಲ್ಲ. ಅದು ಕೆಟ್ಟರೆ ಹೊಣೆ ಹೊರುವವರೂ ಯಾರೂ ಇಲ್ಲ. ಹೀಗೆ ಎರಡು ಬೆಳಗು ಪೂರ್ತಿ ಕಳೆದವು. ಅಜ್ಜನ ಪಾತ್ರ ಮಾಡುತ್ತಿದ್ದವರು ನಿಜವಾಗಿಯೂ ಮಾಜಾಳಿ ಕಡೆಯ ಒಬ್ಬ ಹಿರಿಯ ಮೀನುಗಾರರು. ಅವರು ದೋಣಿಯ ಅಂಚಿನ ಮೇಲೆ ಕೂತು ಬೀಡಿ ಸೇದುತ್ತಾ ನಮ್ಮನ್ನೇ ನೋಡುತ್ತಿದ್ದರು.

ಒಂದು ದಿನ ಅವರು ನಿಜವಾಗಿ ಬಲೆ ಎಳೆಯುವುದನ್ನು ನೋಡಲು ಹೋದೆವು. ಹಗ್ಗದ ಒಂದು ತುದಿ ದಡದಲ್ಲೇ ಇರುತ್ತದೆ. ಚಿಕ್ಕ ದೋಣಿ ಬಲೆಯನ್ನು ಬಿಡುತ್ತಾ ಅರ್ಧ ಚಂದ್ರದ ಹಾಗೆ ಸುತ್ತು ಹಾಕಿ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಎರಡು ಸಾಲು ಜನ ಎಳೆಯುತ್ತಾ ಎಳೆಯುತ್ತಾ ಹತ್ತಿರ ಬರುತ್ತಾರೆ. ಒಬ್ಬರು ಮಾತ್ರ ಎಳೆಯುವುದಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತು ಬಲೆ ಎತ್ತ ವಾಲುತ್ತಿದೆ ನೋಡಿ ಕೂಗುತ್ತಾರೆ. ಈ ಸಾಲು ನಿಲ್ಲಿ, ಆ ಸಾಲು ಎಳೀರಿ. ಆ ಹೊತ್ತಿಗೆ ಯಾರೂ ಎದುರು ಮಾತಾಡುವುದಿಲ್ಲ. ಮೀನು ಮೇಲೆ ಬಂದ ಮೇಲೆ ಪಾಲು ಹಾಕುವಾಗ ನೋಡಬೇಕು ಗಲಾಟೆ! ಅಷ್ಟು ಹೊತ್ತು ಸುಮ್ಮನಿದ್ದವರೆಲ್ಲ ಬಾಯಿ ಬಿಡುತ್ತಾರೆ, ಕೂಗಿದವರಿಗೂ ಬೈಗುಳ ತಪ್ಪುವುದಿಲ್ಲ.

ಹಿಂದೆ ಇದರ ದೊಡ್ಡಣ್ಣ ರಂಪಣಿ ಇತ್ತು. ಹತ್ತಾರು ಜನ ಸೇರಿ ಎಳೆಯಬೇಕಾದ ಭಾರೀ ಬಲೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಮೀನಿನ ಹಿಂಡು ದಡಕ್ಕೆ ಬರುವುದನ್ನು ಕಾಯದೆ ಅದು ಕಡಲಿನಲ್ಲೇ ಹೋಗಿ ಸುತ್ತು ಹಾಕಿ, ಬಲೆಯ ತಳವನ್ನು ಹಗ್ಗದಿಂದ ಚೀಲದ ಬಾಯಿಯ ಹಾಗೆ ಬಿಗಿಯುತ್ತದೆ. ತಾರ್ಲೆ, ಬಂಗಡೆ ದಡ ಮುಟ್ಟುವ ಮೊದಲೇ ಮುಗಿಯಿತು. ರಂಪಣಿ ಒಂದೊಂದಾಗಿ ಅಟ್ಟ ಸೇರಿತು. ನಮ್ಮ ಕಥೆಯ ಅಜ್ಜ ಮೊಮ್ಮಗನ ನಡುವೆ ಇದ್ದ ಜಗಳ ಅದೇ. ಸ್ಕ್ರಿಪ್ಟಿನಲ್ಲಿ ಅದನ್ನು ಒಂದು ಉದ್ದ ಭಾಷಣವಾಗಿ ಬರೆದಿದ್ದೆವು. ಅಜ್ಜ ಅದನ್ನು ಕೇಳಿಸಿಕೊಂಡು, "ಇಷ್ಟೆಲ್ಲ ನಾನು ಯಾರಿಗೆ ಹೇಳ್ತೇನೆ? ಅವನಿಗೆ ಗೊತ್ತಿಲ್ವಾ?" ಅಂದರು. ಭಾಷಣ ಅಲ್ಲಿಗೆ ಹೋಯಿತು.

ಬಲೆ ನೋಡಿ ಬಂದ ಮೇಲೆ ಶೂಟಿಂಗ್ ಹೊತ್ತಿನಲ್ಲಿ ನಿರ್ದೇಶಕನ ಮಾತೇ ಕೊನೆ, ರಾತ್ರಿ ಫೂಟೇಜ್ ನೋಡುವಾಗ ಎಲ್ಲರೂ ಬಾಯಿ ಬಿಡಬಹುದು ಅಂತ ಮಾಡಿಕೊಂಡೆವು. ಇದು ಕೆಲಸ ಮಾಡಿತು. ಪೂರ್ತಿಯಾಗಿ ಅಲ್ಲ. ಗಾಳಿಮರದ ಕೆಳಗಿನ ಮಾತು ನಿಲ್ಲಲಿಲ್ಲ, ಆದರೆ ಆ ಮಾತಿಗೆ ರಾತ್ರಿ ಒಂದು ಜಾಗ ಸಿಕ್ಕಿತು. ನಾನು ಕೇಳಿಸಿಕೊಂಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಈಗಲೂ ನಂಬಿದ್ದೇನೆ. ಇಬ್ಬರೂ ರಾತ್ರಿ ಅದನ್ನೇ ಎದುರೆದುರು ಹೇಳಿದರು, ಇನ್ನೂ ಜೋರಾಗಿ.

ಕಡಲ ದಡದಲ್ಲಿ ಶೂಟ್ ಮಾಡುವ ಹುಡುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಯಾಕೆಂದರೆ ಯೂಟ್ಯೂಬಿನ ಪಾಠಗಳಲ್ಲಿ ಇದು ಸಿಗುವುದಿಲ್ಲ.

ನಮ್ಮ ಕಡಲಿಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮತ್ತು ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಗ್ಗೆ 8ಕ್ಕೆ ನೀರು ಎಲ್ಲಿತ್ತೋ ಅಲ್ಲಿಗೆ ನಾಳೆ 8ಕ್ಕೆ ಇರುವುದಿಲ್ಲ. ಒಂದು ವಾರ ಬಿಟ್ಟು ಹೋದರೆ ಎಲ್ಲ ಅದಲುಬದಲು. ಅಜ್ಜ ಮೊಮ್ಮಗ ದೋಣಿಯ ಪಕ್ಕ ಕೂತು ಮಾತಾಡುವ ದೃಶ್ಯದ ಅರ್ಧ ಒಂದು ಬೆಳಗ್ಗೆ ತೆಗೆದಿದ್ದೆವು. ಉಳಿದರ್ಧ ಮುಂದಿನ ವಾರ ಅದೇ ಹೊತ್ತಿಗೆ ತೆಗೆದೆವು. ಸೂರ್ಯ ಸರಿ ಇದ್ದ, ನೆರಳು ಸರಿ ಇತ್ತು, ಬಟ್ಟೆ ಸರಿ ಇತ್ತು. ಜೋಡಿಸಿ ನೋಡಿದರೆ ಅಜ್ಜನ ಹಿಂದೆ ನೀರು ದೋಣಿಯನ್ನು ಮುಟ್ಟುತ್ತಿದೆ, ಮೊಮ್ಮಗನ ಹಿಂದೆ ಎಷ್ಟೋ ದೂರ ಬರೀ ಒದ್ದೆ ಮರಳು. ಒಂದೇ ಮಾತುಕತೆ, ಎರಡು ಕಡಲು.

ನಾವು ಮೊಬೈಲಿನಲ್ಲಿ ಉಬ್ಬರದ ಆ್ಯಪ್ ಹುಡುಕುತ್ತಿದ್ದಾಗ ಅಜ್ಜ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ಮುಂದೆ ನಿಂತು ತಿಥಿಯ ಮೇಲೆ ಬೆರಳಿಟ್ಟರು. "ಅವತ್ತು ಮೊದಲ ಸಲ ಬಂದಿದ್ದು ಷಷ್ಠಿ. ಅದೇ ನೀರು ಬೇಕು ಅಂದ್ರೆ ಮತ್ತೆ ಷಷ್ಠಿಗೆ ಬನ್ನಿ." ಶುಕ್ಲ ಪಕ್ಷ ಆದರೇನು, ಕೃಷ್ಣ ಪಕ್ಷ ಆದರೇನು, ಷಷ್ಠಿ ಷಷ್ಠಿಯೇ. ಚಂದ್ರನ ಲೆಕ್ಕ ಹದಿನೈದು ದಿನಕ್ಕೊಮ್ಮೆ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರುತ್ತದೆ, ಉಬ್ಬರದ ಹೊತ್ತೂ ಬರುತ್ತದೆ, ನೀರಿನ ಎತ್ತರವೂ ಬರುತ್ತದೆ. ನಮ್ಮ ಕಾಲ್‌ಶೀಟಿನಲ್ಲಿ ತಾರೀಕಿನ ಪಕ್ಕ ತಿಥಿ ಬರೆಯುವ ಕಾಲಂ ಸೇರಿದ್ದು ಹಾಗೆ.

ಷಷ್ಠಿಗೆ ಹೋದೆವು. ನೀರು ಅಲ್ಲೇ ಇತ್ತು. ಮೊಮ್ಮಗನ ಪಾತ್ರದ ಹುಡುಗ ಮಾತ್ರ ಅಕ್ಕನ ಮದುವೆಗೆ ಅಂತ ಕೂದಲು ಕತ್ತರಿಸಿಕೊಂಡು ಬಂದಿದ್ದ! ತಲೆಗೆ ಟವೆಲ್ ಸುತ್ತಿಸಿದೆವು. ಹಿಂದಿನ ಶಾಟಿಗೆ ಹೊಂದಬೇಕಲ್ಲ, ಅಜ್ಜನ ಹೆಗಲ ಮೇಲಿದ್ದ ಟವೆಲನ್ನೇ ಅವನು ಎಳೆದು ಸುತ್ತಿಕೊಳ್ಳುವ ಹಾಗೆ ಒಂದು ಚಿಕ್ಕ ತುಣುಕು ಸೇರಿಸಿದೆವು. ಸಿನಿಮಾ ನೋಡಿದವರಲ್ಲಿ ಅನೇಕರಿಗೆ ಇಷ್ಟವಾದ ಜಾಗ ಅದು. ಎಷ್ಟು ಅರ್ಥಪೂರ್ಣವಾಗಿದೆ ಅಂತ ಒಬ್ಬ ಮೇಷ್ಟ್ರು ಹೊಗಳಿದರು. ನಾವು ಸುಮ್ನೆ ತಲೆ ಅಲ್ಲಾಡಿಸಿದೆವು.

ಇನ್ನು ನನ್ನ ಇಲಾಖೆ. ಚಳಿಗಾಲ ಬೇಸಿಗೆಯಲ್ಲಿ ಕರಾವಳಿಯಲ್ಲಿ ಬೆಳಗ್ಗೆ ಗಾಳಿ ಕಡಿಮೆ. ಬಿಸಿಲೇರಿದ ಹಾಗೆ ನೆಲ ಕಾಯುತ್ತದೆ, ಕಡಲಿನಿಂದ ಗಾಳಿ ಶುರುವಾಗುತ್ತದೆ, ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ಮೈಕಿಗೆ ತುಪ್ಪಳದ ಟೊಪ್ಪಿ ಹಾಕಿದರೂ ಸಂಜೆ ಮಾತು ಹಿಡಿಯುವುದು ಕಷ್ಟ. ನಿರ್ದೇಶಕನಿಗೆ ಮಾತ್ರ ಸಂಜೆಯೇ ಬೇಕು. ಸೂರ್ಯ ಮುಳುಗುವ ಹೊತ್ತಿನ ಬೆಳಕು ಅವನ ಹುಚ್ಚು. ಅರ್ಥವಾಗುತ್ತದೆ, ಪಶ್ಚಿಮ ಕರಾವಳಿಯಲ್ಲಿ ಹುಟ್ಟಿ ಕೈಗೆ ಕ್ಯಾಮೆರಾ ಸಿಕ್ಕಿದ ಮೇಲೆ ಸೂರ್ಯಾಸ್ತ ಬಿಡು ಅಂದರೆ ಹೇಗೆ? ಆದರೆ ಬಣ್ಣ ಬಣ್ಣದ ಆಕಾಶದ ಕೆಳಗೆ ಇಬ್ಬರು ಮಾತಾಡುತ್ತಿದ್ದಾರೆ, ಕೇಳುವುದು ಬರೀ ಭರ್ರ್ ಅನ್ನುವ ಗಾಳಿ. "ಆಮೇಲೆ ಡಬ್ಬಿಂಗ್ ಮಾಡಿದ್ರಾಯ್ತು ಮಾರಾಯ್ತಿ" ಅಂದ.

ಎಪ್ಪತ್ತು ದಾಟಿದ ಮೀನುಗಾರರನ್ನು ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ತನ್ನದೇ ತುಟಿ ನೋಡಿಕೊಂಡು ಅದಕ್ಕೆ ಸರಿಯಾಗಿ ಮಾತಾಡಿ ಅನ್ನಬೇಕಂತೆ. ನಾನು ಒಪ್ಪಲಿಲ್ಲ. ಮಾತಿರುವ ದೃಶ್ಯ ಎಲ್ಲ ಬೆಳಗ್ಗೆ, ಮಾತಿಲ್ಲದ್ದು ಎಲ್ಲ ಸಂಜೆ ಅಂತ ಹಠ ಹಿಡಿದೆ. ಇಡೀ ಶೂಟಿಂಗಿನಲ್ಲಿ ನಾನು ದನಿ ಎತ್ತಿದ್ದು ಅದೊಂದೇ ವಿಷಯಕ್ಕೆ, ಮತ್ತು ಅದು ನಡೆಯಿತು. ನಡೆದದ್ದಕ್ಕೆ ಕಾರಣ ನನ್ನ ವಾದ ಅಲ್ಲ. ಹೆಡ್‌ಫೋನನ್ನು ಅವನ ಕಿವಿಗೆ ಇಟ್ಟು ಸಂಜೆಯ ಟೇಕ್ ಕೇಳಿಸಿದೆ, ಅಷ್ಟೇ. ಅವತ್ತಿನವರೆಗೆ ಅವನು ಒಂದು ಸಲವೂ ಅದನ್ನು ಹಾಕಿಕೊಂಡಿರಲಿಲ್ಲ.

ಅಲೆಯ ಸದ್ದಿನದ್ದು ಇನ್ನೊಂದು ಫಜೀತಿ. ಅಲೆ ಒಂದೇ ಸಮ ಬರುತ್ತಿದೆ ಅಂತ ನಮ್ಮ ಕಿವಿ ನಂಬಿರುತ್ತದೆ. ಮೈಕಿಗೆ ಹಾಗಲ್ಲ. ಅಜ್ಜ ಮಾತಾಡುವಾಗ ಅಲೆ ಒಡೆಯುತ್ತಿರುತ್ತದೆ, ಕಟ್ ಮಾಡಿ ಮೊಮ್ಮಗನಿಗೆ ಹೋದರೆ ಅಲೆ ಹಿಂದೆ ಸರಿದಿರುತ್ತದೆ. ಪ್ರತಿ ಕಟ್ಟಿಗೂ ಸದ್ದು ಎಗರುತ್ತದೆ. ಇದಕ್ಕೆ ಮದ್ದು ಒಂದೇ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಬಾಯಿ ಮುಚ್ಚಿ ನಿಲ್ಲಿಸಿ ಆ ಜಾಗದ ಸದ್ದನ್ನು ಸಾಕಷ್ಟು ಹೊತ್ತು ಹಾಗೇ ಹಿಡಿಯುವುದು. ಅದನ್ನು ಇಡೀ ದೃಶ್ಯದ ಅಡಿಗೆ ಹಾಸಿದರೆ ಎಗರುವುದು ಮುಚ್ಚಿಹೋಗುತ್ತದೆ. ಮನೆಯೊಳಗಿನ ದೃಶ್ಯಕ್ಕೂ ಹಾಗೇ, ಖಾಲಿ ಕೋಣೆಯ ಸದ್ದು ಬೇಕು. ಹಸಿದ ಜನರನ್ನು ಏನೂ ಮಾಡದೆ ನಿಂತಿರಿ ಅನ್ನುವುದು ಎಷ್ಟು ಕಷ್ಟ ಗೊತ್ತಾ? ಯಾರಿಗಾದರೂ ಕೆಮ್ಮು ಬರುತ್ತದೆ. ಇನ್ನೊಬ್ಬರಿಗೆ ನಗು. ಅಷ್ಟರಲ್ಲಿ ಕೊಂಕಣ ರೈಲ್ವೆಯ ಹಾರ್ನ್.

ಸಂಭಾಷಣೆ ಯಾವ ಭಾಷೆಯಲ್ಲಿ ಅನ್ನುವುದು ದೊಡ್ಡ ರಗಳೆಯಾಯಿತು. ನಾವು ಸಿನಿಮಾ ಕಳಿಸಬೇಕಿದ್ದ ಸ್ಪರ್ಧೆ ಕನ್ನಡ ಕಿರುಚಿತ್ರಕ್ಕೆ. ಅಜ್ಜನ ಮನೆಮಾತು ಕೊಂಕಣಿ. ಕನ್ನಡ ಅವರಿಗೆ ಚೆನ್ನಾಗಿಯೇ ಬರುತ್ತದೆ, ಪೇಟೆಯಲ್ಲಿ, ಆಫೀಸಿನಲ್ಲಿ, ನಮ್ಮ ಜೊತೆ ಆಡುತ್ತಾರೆ. ಆದರೆ ಮೊಮ್ಮಗನ ಜೊತೆ ಕನ್ನಡ ಆಡಿ ಅಂದ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು, ತಹಶೀಲ್ದಾರರ ಮುಂದೆ ನಿಂತವರ ಹಾಗೆ. ಮಾತು ಒಂದೊಂದೇ ಶಬ್ದವಾಗಿ ಬೀಳುತ್ತಿತ್ತು. ಬಹಳ ಚರ್ಚೆಯಾಗಿ ಕೊನೆಗೆ ಕಾರವಾರದ ಮನೆಗಳಲ್ಲಿ ದಿನಾ ನಡೆಯುವುದೇ ನಡೆಯಿತು. ಅಜ್ಜ ಕೊಂಕಣಿಯಲ್ಲಿ ಕೇಳುತ್ತಾರೆ, ಶಾಲೆಯಲ್ಲಿ ಕನ್ನಡ ಓದಿದ ಮೊಮ್ಮಗ ಅರ್ಧ ಅದು ಅರ್ಧ ಇದು ಮಾಡಿ ಉತ್ತರ ಕೊಡುತ್ತಾನೆ. ಕೊಂಕಣಿಗೆ ಕೆಳಗೆ ಕನ್ನಡ ಅಕ್ಷರ. ಸ್ಪರ್ಧೆಯವರಿಗೆ ಫೋನ್ ಮಾಡಿ ಕೇಳಿದೆವು, ಹೆಚ್ಚಿನ ಮಾತು ಕನ್ನಡ ಇದ್ದರೆ ಆಯಿತು ಅಂದರು. ಉಳಿದ ಪಾತ್ರಗಳು ಜಾಸ್ತಿ ಮಾತಾಡುವ ಹಾಗೆ ಮಾಡಿ ಲೆಕ್ಕ ಸರಿದೂಗಿಸಿದೆವು. ಕಲೆಯಲ್ಲಿ ಹೀಗೂ ಉಂಟು.

ಡ್ರೋನ್ ವಿಷಯ ಬೇಗ ಮುಗಿಸುತ್ತೇನೆ. ಮದುವೆ ಫೋಟೋ ತೆಗೆಯುವ ಒಬ್ಬರು ಬಿಟ್ಟಿ ಕೊಡುತ್ತೇನೆ ಅಂದಿದ್ದರು. ಅರಗದಲ್ಲಿ ನೌಕಾನೆಲೆ ಇರುವ ಊರು ಇದು. ಎಲ್ಲಿ ಹಾರಿಸಬಹುದು ಎಲ್ಲಿ ಬಾರದು ಅನ್ನುವುದಕ್ಕೆ ಸರಕಾರದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಹಾಕಿರುತ್ತಾರೆ. ಕೆಂಪಿನಲ್ಲಿ ಹಾರಿಸಲು ಕೇಂದ್ರ ಸರಕಾರದ ಅನುಮತಿ ಬೇಕು. ಕಾಲೇಜು ಹುಡುಗರಿಗೆ ಅದೆಲ್ಲ ಆಗಿಹೋಗುವ ಮಾತಲ್ಲ. ಒಳ್ಳೆಯದೇ ಆಯಿತು. ಆಗ ಬರುತ್ತಿದ್ದ ಕಿರುಚಿತ್ರಗಳಲ್ಲಿ ಬಹಳಷ್ಟು ಮೇಲಿಂದ ಕಡಲು ತೋರಿಸಿಯೇ ಶುರುವಾಗುತ್ತಿದ್ದವು.

ಊಟದ ಜವಾಬ್ದಾರಿ ವಹಿಸಿಕೊಂಡವಳು ಅಂಕೋಲೆಯವಳೇ. ಬೆಳಗ್ಗೆ ಬನ್ಸ್ ಭಾಜಿ, ಫ್ಲಾಸ್ಕಿನಲ್ಲಿ ಚಾ, ಮಧ್ಯಾಹ್ನ ಮೀನೂಟ, ಸಿರ್ಸಿಯ ಇಬ್ಬರು ಭಟ್ಟರಿಗೆ ಬೇರೆ ಡಬ್ಬಿ. ಅವಳು ಒಂದು ದಿನ ಜ್ವರ ಬಂದು ಬರಲಿಲ್ಲ. ಅವತ್ತು ಬಿಸ್ಕತ್ತಿನಲ್ಲಿ ದಿನ ತೆಗೆದೆವು. ಮಧ್ಯಾಹ್ನದ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆವತ್ತಿನ ಒಂದು ಶಾಟ್ ಕೂಡ ಸಿನಿಮಾದಲ್ಲಿಲ್ಲ.

ಅವಳದ್ದೇ ಇನ್ನೊಂದು ಕೆಲಸ ಇತ್ತು, ಯಾರೂ ಗಮನಿಸದ್ದು. ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ ಪ್ರತಿ ಟೇಕನ್ನೂ ಬರೆಯುತ್ತಿದ್ದಳು. ದೃಶ್ಯ, ಶಾಟ್, ಟೇಕ್, ಯಾವ ಕಾರ್ಡು, ನನ್ನ ಸೌಂಡ್ ಫೈಲಿನ ನಂಬರು, ಮತ್ತು ಕೊನೆಯ ಕಾಲಂನಲ್ಲಿ ಒಂದು ಮಾತು. ಆ ಕೊನೆಯ ಕಾಲಂ ಓದುವುದೇ ಮಜಾ. "ನಾಯಿ ಬಂತು." "ಅಜ್ಜ ಕ್ಯಾಮೆರಾ ನೋಡಿದರು." "ಚೆನ್ನಾಗಿದೆ ಅಂತ ಡೈರೆಕ್ಟರ್. ನನಗೆ ಹಾಗೆ ಅನಿಸಲಿಲ್ಲ." ಪ್ರತಿ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಕಾಪಿ. ಒಂದು ಅವಳ ಮನೆಯಲ್ಲಿ, ಇನ್ನೊಂದು ಹಾಸ್ಟೆಲಿನಲ್ಲಿ. ಎರಡೂ ಕಡೆ ಬಂತು ಅಂತ ತೆರೆದು ನೋಡುವವರೆಗೆ ಕಾರ್ಡ್ ಅಳಿಸಲು ಬಿಡುತ್ತಿರಲಿಲ್ಲ. ಕಾಟ ಅಂತ ಎಲ್ಲರೂ ಬೈದುಕೊಂಡಿದ್ದೇವೆ.

ಸದಾಶಿವಗಡದ ಗುಡ್ಡ ಹತ್ತಿದ್ದ ದಿನ ಕ್ಯಾಮೆರಾದ ಹುಡುಗ ಟ್ರೈಪಾಡ್ ಇಲ್ಲದೆ ಕೈಯಲ್ಲೇ ಹಿಡಿದು ಕೆಳಗಿನ ಕಾಳಿ ನದಿ, ಅದರ ಮೇಲಿನ ಹಳೇ ಸೇತುವೆ ತೆಗೆದಿದ್ದ. ಗಾಳಿಗೆ ಅಲ್ಲಾಡಿಹೋಗಿತ್ತು. ಸಿನಿಮಾದಲ್ಲಿ ಬಳಸಲಿಲ್ಲ. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ದಾಟಿದ ಮೇಲೆ ಆ ಸೇತುವೆ ಕುಸಿಯಿತು. ನಲವತ್ತು ವರ್ಷ ಕಾರವಾರವನ್ನೂ ಗೋವಾವನ್ನೂ ಜೋಡಿಸಿದ್ದ ಸೇತುವೆ. ಮೇಲಿದ್ದ ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿ ಬಂದ. ಮರುದಿನ ನಮ್ಮ ಹಳೇ ವಾಟ್ಸಾಪ್ ಗುಂಪು ಎಷ್ಟೋ ಕಾಲದ ಮೇಲೆ ಮಾತಾಡಿತು. ಆ ಶಾಟ್ ಎಲ್ಲಿದೆ ಅಂತ ಒಬ್ಬ ಕೇಳಿದ. ಎಲ್ಲರೂ ಬೇರೆ ಬೇರೆ ಊರಿನಲ್ಲಿದ್ದೆವು. ಅಂಕೋಲೆಯವಳು ಹತ್ತು ನಿಮಿಷಕ್ಕೆ ಪುಸ್ತಕದ ಪುಟದ ಫೋಟೋ ಹಾಕಿದಳು. ಕಾರ್ಡ್ ನಂಬರು, ಫೈಲ್ ನಂಬರು, ಕೊನೆಯ ಕಾಲಂನಲ್ಲಿ "ಅಲ್ಲಾಡಿದೆ. ಇರಲಿ." ಡಿಸ್ಕ್ ಇನ್ನೂ ಓಡುತ್ತಿತ್ತು. ಆ ಶಾಟನ್ನು ನಾನೀಗ ನಮ್ಮ ಸಿನಿಮಾಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ. ಅದರ ಮೇಲೆ ಒಂದು ಬಸ್ಸು ಆರಾಮಾಗಿ ಹೋಗುತ್ತಿದೆ.

ಎಡಿಟಿಂಗ್ ಹೊತ್ತಿಗೆ ಗುಂಪು ಅರ್ಧ ಕರಗುತ್ತದೆ. ಇದು ಎಲ್ಲ ತಂಡಕ್ಕೂ ಆಗುತ್ತದೆ ಅಂತ ಆಮೇಲೆ ಬೇರೆಯವರಿಂದ ಕೇಳಿ ತಿಳಿಯಿತು. ಕಡಲ ದಡದಲ್ಲಿ ಕಿರುಚಾಡಲು ಎಲ್ಲರೂ ಬರುತ್ತಾರೆ, ಕಂಪ್ಯೂಟರ್ ಮುಂದೆ ಕೂರಲು ಯಾರೂ ಇರುವುದಿಲ್ಲ. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು. ಕೆಲವು ಶಾಟ್ ಮೊಬೈಲಿನಲ್ಲಿ ತೆಗೆದಿದ್ದೆವು. ಮೊಬೈಲ್ ಬೆಳಕಿಗೆ ತಕ್ಕ ಹಾಗೆ ಫ್ರೇಮಿನ ವೇಗ ಹೆಚ್ಚುಕಮ್ಮಿ ಮಾಡುತ್ತಿರುತ್ತದೆ, ಹಾಗಾಗಿ ಬೇರೆಯಾಗಿ ಹಿಡಿದ ಸೌಂಡ್ ಶುರುವಿನಲ್ಲಿ ಸರಿಯಾಗಿ ಕೂತರೂ ಕೊನೆಗೆ ತುಟಿಯೊಂದು ಕಡೆ ಮಾತೊಂದು ಕಡೆ. ಮೊದಲೇ ಒಂದೇ ವೇಗಕ್ಕೆ ಬದಲಾಯಿಸಿಕೊಂಡು ಆಮೇಲೆ ಎಡಿಟಿಂಗಿಗೆ ತರಬೇಕಿತ್ತು ಅಂತ ಗೊತ್ತಾಗುವಷ್ಟರಲ್ಲಿ ತುಂಬ ರಾತ್ರಿ ಹೋಗಿತ್ತು. ಅಜ್ಜನ ಮನೆಯ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದರಲ್ಲಿ ಪಟ್ಟೆ ಪಟ್ಟೆ ಓಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಐವತ್ತರಲ್ಲೊಂದು ಸೆಕೆಂಡಿಗೆ ಇಟ್ಟಿದ್ದರೆ ಅದು ಬರುತ್ತಿರಲಿಲ್ಲ. ಆ ದೃಶ್ಯವನ್ನು ಚಿಮಣಿ ದೀಪದಲ್ಲಿ ಮತ್ತೆ ತೆಗೆದೆವು. ಹಳ್ಳಿ ಅಂದ ಕೂಡಲೇ ಚಿಮಣಿ ದೀಪ ತೋರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೂ ತೆಗೆದೆವು. ಕರೆಂಟು ಹೋಗಿದೆ ಅಂತ ಒಂದು ಮಾತು ಸೇರಿಸಿದ್ದರಿಂದ ಸುಳ್ಳಾಗಲಿಲ್ಲ. ಊರಿನಲ್ಲಿ ಕರೆಂಟು ಹೋಗುವುದಂತೂ ನಿಜವೇ.

ಕೊನೆಗೆ ಹೆಸರುಗಳ ಪಟ್ಟಿ. ಜಗಳ ನಿಜವಾಗಿ ಶುರುವಾದದ್ದು ಇಲ್ಲಿ. ಕಥೆ ಬರೆದವನು, ಕಥೆ ಅರ್ಧ ಬದಲಾಗಿದೆ, ನನ್ನ ಹೆಸರು ಹಾಕಬೇಡಿ ಅಂದ. ಹಾಗಂದ ಮೇಲೆ ಹಾಕಲೇಬೇಕು ಅಂತ ಅರ್ಥ. ಕ್ಯಾಮೆರಾದವನಿಗೆ ತನ್ನ ಹೆಸರು ಒಂಟಿಯಾಗಿ ಬರಬೇಕು. ಊಟ, ಲೆಕ್ಕ, ಡಿಸ್ಕ್ ಎಲ್ಲ ಮಾಡಿದವಳಿಗೆ ಏನಂತ ಹಾಕುವುದು? ಸಹಾಯ ಅನ್ನುವುದಾ? ಅವಳು ನಕ್ಕು, "ಸಹಾಯ ಅಂತ ಹಾಕಿದ್ರೆ ಡಿಸ್ಕ್ ಕೊಡಲ್ಲ" ಅಂದಳು.

ಅವತ್ತು ಅಜ್ಜನೂ ಬಂದಿದ್ದರು, ಮಾತಿನ ಒಂದೆರಡು ಸಾಲು ಮತ್ತೆ ಹಿಡಿಯುವುದಿತ್ತು. ಗಲಾಟೆ ಕೇಳಿ, "ಪಾಲು ಹಾಕೋದಾ?" ಅಂತ ವಿಚಾರಿಸಿದರು. ಹೌದು ಅಂದೆವು. ಅವರಲ್ಲಿ ಎಳೆದವರಿಗೆಲ್ಲ ಒಂದೊಂದು ಪಾಲು. ದೋಣಿಗೆ ಬೇರೆ ಪಾಲು. ಬಲೆಗೆ ಬೇರೆ ಪಾಲು, ಅದನ್ನು ಮತ್ತೆ ನೇಯಬೇಕಲ್ಲ. ಕೂಗಿದವರಿಗೆ ಎಷ್ಟು ಅಂತ ನಿರ್ದೇಶಕ ಕೇಳಿದ. "ಒಂದು. ಅವನೇನು ಎರಡು ಹೊಟ್ಟೆ ಇಟ್ಟುಕೊಂಡಿದ್ದಾನಾ?"

ಹೀಗೆ ಶುರುವಾದ ಪಟ್ಟಿ ಬೆಳೆಯುತ್ತಾ ಹೋಯಿತು. ದೋಣಿಯ ಹೆಸರು ಬಂತು. ಟ್ರೈಪಾಡ್ ಕೊಟ್ಟ ಸ್ಟುಡಿಯೋದವರು, ಟೆಂಪೋದವರು, ಬನ್ಸ್ ಭಾಜಿಯ ಅಂಗಡಿ, ಶೂಟಿಂಗ್ ನಡೆಯುವಾಗ ಪಂಪ್‌ಸೆಟ್ ಆಫ್ ಮಾಡಿದ ಪಕ್ಕದ ಮನೆಯವರು, ಎಲ್ಲರೂ ಬಂದರು. ನಮ್ಮ ಹೆಸರುಗಳು ಒಂದೇ ಅಳತೆಯ ಅಕ್ಷರದಲ್ಲಿ, ಮಾಡಿದ ಕೆಲಸದ ಜೊತೆ. ಎಲ್ಲ ಕೂಡಿಸಿ ನೋಡಿದರೆ ಸಿನಿಮಾ ಸ್ಪರ್ಧೆಯ ಮಿತಿ ದಾಟಿತ್ತು. ಹೆಸರೂ ಸೇರಿ ಹತ್ತು ನಿಮಿಷದೊಳಗೆ ಇರಬೇಕು ಅಂತ ನಿಯಮ. ಹೆಸರು ಬೇಗ ಓಡಿಸೋಣ ಅಂತ ಒಬ್ಬ ಹೇಳಿದ. ಓಡಿಸಿ ನೋಡಿದೆವು, ಓದಲು ಆಗುತ್ತಿರಲಿಲ್ಲ. ನಿರ್ದೇಶಕ ತುಂಬ ಹೊತ್ತು ಟೈಮ್‌ಲೈನ್ ಹಿಂದೆ ಮುಂದೆ ಎಳೆಯುತ್ತಾ ಕೂತಿದ್ದ. ಆಮೇಲೆ ಕೊನೆಯಲ್ಲಿದ್ದ ಸೂರ್ಯಾಸ್ತದ ಶಾಟನ್ನು ಆರಿಸಿ ಡಿಲೀಟ್ ಒತ್ತಿದ. ಅದಕ್ಕಾಗಿ ಅವನು ಎಷ್ಟು ಸಂಜೆ ದಡದಲ್ಲಿ ನಿಂತಿದ್ದ ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಬೇಡ ಅನ್ನಲಿಲ್ಲ.

ಬಹುಮಾನ ಬರಲಿಲ್ಲ. ಪ್ರದರ್ಶನ ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು ನಮ್ಮನ್ನು ಕರೆದು ಬೆನ್ನು ತಟ್ಟಿದರು. ಎಲ್ಲ ಚೆನ್ನಾಗಿದೆ, ಒಂದೇ ಕೊರತೆ ಅಂದರು. "ಕಾರವಾರದವರಾಗಿ ಒಂದು ಸನ್‌ಸೆಟ್ ಆದ್ರೂ ತೋರಿಸಬಾರದಿತ್ತಾ?"